ಸಹಿಗೆ ಒಳ್ಳೆಯ ದಿನ

13 ಫೆಬ್ರವರಿ 2026, ಶುಕ್ರವಾರ, ಸಂಜೆ 5

ಲೋಟ ತೊಳೆದಿಟ್ಟೆ. ಇವತ್ತು ಎರಡು. ಬರೆಯೋಕೆ ಬೇಜಾರು, ಅದಕ್ಕೇ ಫೋನಿಗೆ ಹೇಳುವುದು. ಮಾತಿಗೇನು ಬರ ಇಲ್ಲ ನನಗೆ. ಕೇಳುವವರಿಗೆ ಬರ.

ಶಫೀಕ ಬಂದಿದ್ದ, ಗದಗಿನಿಂದ. ಲಕ್ಷ್ಮೇಶ್ವರದ ನನ್ನ ಬಾಂಡೆ-ಪಾತ್ರೆ ಅಂಗಡಿ ಮಾರಿದ ರೊಕ್ಕ ಎಲ್ಲಿಡಬೇಕು ಅಂತ ಹೇಳಲು ಫೀ ಕೊಟ್ಟು ಗೊತ್ತು ಮಾಡಿಕೊಂಡ ಅಡ್ವೈಸರ್. ನಮಾಜು ಮುಗಿಸಿ ಬಂದ. ಅರ್ಧ ಎಫ್‌ಡಿ ಇಡಿ ಅಂದ. ತಾನು ಮಾತ್ರ ಬಡ್ಡಿ ಮುಟ್ಟುವುದಿಲ್ಲವಂತೆ.

"ಮತ್ತ ನಂಗ್ಯಾಕ ಹೇಳ್ತಿಪಾ?"

"ಷುಗರ್ ಇದ್ದಾಂವ ಪೇಢೆ ಅಂಗಡಿ ಇಡೂದಿಲ್ಲೇನ್ರಿ, ಅಣ್ಣಾರ?"

ನಕ್ಕೆ. ಎಷ್ಟು ದಿನಕ್ಕೋ. ನಡುವೆ ಹಾಲಿನವ ಬಂದ, ವಾರದ ರೊಕ್ಕ ಕೊಟ್ಟು ಕಳಿಸಿದೆ. ಶಫೀಕ ಫಾರ್ಮು ಮುಂದಿಟ್ಟ. ಸಹಿ ಮಾಡಿದರೆ ಎದ್ದು ಹೋಗುತ್ತಾನೆ...

"ಶುಕ್ರವಾರ ಲಕ್ಷ್ಮಿನ ಮನಿಯಿಂದ ಹೊರಗ ಕಳಸಬಾರದಪಾ" ಅಂದೆ.

ಅದು ನನ್ನ ಹೆಂಡತಿ ಕಸ್ತೂರೆವ್ವನ ನಂಬಿಕೆ. ನನ್ನದಲ್ಲ. ಅವಳು ತೀರಿ ಎರಡು ವರ್ಷ. ಶಫೀಕ ಫೈಲು ಮುಚ್ಚಿದ.

17, ಮಂಗಳವಾರ

ಅಮಾವಾಸ್ಯೆ, ಇವತ್ತು ಬೇಡ ಅಂತ ಶಫೀಕನಿಗೆ ನಾನೇ ಫೋನ್ ಮಾಡಿದೆ.

"ನಾನೂ ಕ್ಯಾಲೆಂಡರ್ ನೋಡೀನ್ರಿ. ಸೋಮವಾರ ಮುಂಜಾನೆ ಬರ್ತೀನಿ."

ಕಸ್ತೂರೆವ್ವನ ತಮ್ಮ ಲೋಹಿತನ ಫೋನು, ಆಮೇಲೆ. "ತಾ ತಿನ್ನದ ಅಡಗಿ ನಿಮಗ ಬಡಸ್ತಾನ ಅಂವ, ಮಾಮಾ. ರೊಕ್ಕ ನನ್ನ ಕಡೆ ಕೊಡ್ರಿ."

ಊಟ ಆಯಿತಾ ಅಂತ ಕೇಳಲಿಲ್ಲ.

23, ಸೋಮವಾರ, ಬೆಳಿಗ್ಗೆ 10

ಶಫೀಕ ಎಂಟಕ್ಕೇ ಬಂದ. ರಾಹುಕಾಲ ಅಂದೆ.

"ಒಂಬತ್ತಕ್ಕ ಮುಗೀತೈತ್ರಿ. ಕುಂಡ್ರತೀನಿ."

ಅವನಿಗೆ ರೋಜಾ, ರಂಜಾನ್ ಉಪವಾಸ. ನಾನೂ ಚಹಾ ಇಡಲಿಲ್ಲ. ಕಸ್ತೂರೆವ್ವನ ಜೊತೆ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗಿದ್ದನ್ನು ಹೇಳಿದೆ. ಪೂರ್ತಿ ಕೇಳಿದ. ಒಂಬತ್ತಾಯಿತು. ಇವತ್ತು ಯಾಕೋ ಮನಸ್ಸಿಲ್ಲ ಅಂದೆ.

"ಅಣ್ಣಾರ, ಅವತ್ತ ಶುಕ್ರವಾರನ ನನ್ನ ಮುಂದ ಹಾಲಿನಾಂವಗ ರೊಕ್ಕ ಕೊಟ್ರಲ್ರಿ."

ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದೆ.

"ಗೊತ್ತಿದ್ದೂ ಯಾಕ ಬಂದಿ?"

"ಸಹಿ ಮಾಡ್ರಿ. ಮಾಡಿದ್ರೂ ಬರ್ತೀನಿ. ಹಬ್ಬ ಮುಗೀಲಿ, ಚಹಾ ಕುಡಿಯೂಣು."

ಮಾಡಿದೆ. ನಾಮಿನಿ ಹೆಸರು ಬರೆದಿಡಿ, ನಾಳೆ ಒಯ್ಯುತ್ತೇನೆ ಅಂದು ಫಾರ್ಮು ಬಿಟ್ಟು ಹೋದ.

24, ಮಂಗಳವಾರ, ಮಧ್ಯಾಹ್ನ

ಲೋಹಿತ ಅಂತ ಬರೆದೆ. ಬೇರೆ ಯಾರಿದ್ದಾರೆ. ಪಕ್ಕದ ಚೌಕದಲ್ಲಿ ಕೇಳಿದ್ದಾರೆ — ಸಂಬಂಧ. ಹೆಂಡತಿಯ ತಮ್ಮ ಅಂತ ಬರೆಯಬೇಕು. ಹೆಂಡತಿಯೇ ಇಲ್ಲ ಅಂದಮೇಲೆ ಅವನು ನನಗೆ ಏನಾಗಬೇಕು? ಚೌಕ ಇನ್ನೂ ಖಾಲಿ.