ಪಟ್ಟದ ಗೊಂಬೆಯ ಪಾರ್ಸೆಲ್

ಸೆಂಬವಾಂಗ್, ಸಿಂಗಾಪುರ
10 ಫೆಬ್ರವರಿ 2025

ಚಿ. ಸೌ. ಪ್ರಣತಿಗೆ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಸಿಯಾಟಲ್ ಚಳಿಗೆ ನಿನ್ನ ಸೈನಸ್ ಹೇಗಿದೆ? ನಾನು ಗಟ್ಟಿಯಾಗಿದ್ದೇನೆ. ನಿನ್ನ ಗಂಡ ಮೈಕೈ ತುಂಬಿಕೊಂಡಿದ್ದಾನೆ. ಹೆಂಡತಿ ದೂರವಿದ್ದರೆ ಗಂಡ ಸೊರಗುತ್ತಾನೆ ಎಂದು ಯಾರು ಹೇಳಿದರೋ! ವಿಭವ್ ಯಾಕೆ ಫೋನ್ ಎತ್ತುತ್ತಿಲ್ಲ ಎಂದು ಕೇಳಿದ್ದೀಯ. ಅವನಿಗೆ ಬಿಡುವಿಲ್ಲ.

ನಿನ್ನ ಫೋಟೋಗಳನ್ನು ನೋಡಿದೆ. ಅಬ್ಬಬ್ಬಾ, ಆಫೀಸಿನವರು ಎರಡು ವರ್ಷಕ್ಕೆಂದು ಅಮೆರಿಕಕ್ಕೆ ಕಳಿಸಿದರೆ ನೀನು ಜಪಾನಿಗೇ ಹೋದಂತಿದೆ. ಮಂಡಿಯೂರಿ ಹಸಿರು ಟೀ ಕುಡಿಯುವುದೇನು, ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುವುದೇನು! ಇಲ್ಲಿ ನನಗೊಂದು ಲೋಟ ಕಾಫಿ ಕೊಡಲು ನಿನಗೆ ಮೀಟಿಂಗ್ ಅಡ್ಡ ಬರುತ್ತಿತ್ತು. ಕಿಮೋನೋ ನಿನಗೆ ಒಪ್ಪುತ್ತದೆ. ಆದರೆ ಬಲಗಡೆಯ ಅಂಚನ್ನು ಮೇಲೆ ತಂದು ಉಟ್ಟಿದ್ದೀಯ. ಕೆಳಗಿನ ಮನೆಯ ಜಪಾನೀ ಆಂಟಿಗೆ ತೋರಿಸಿದೆ, ಪಾಪ, ಕೈಯಿಂದ ಬಾಯಿ ಮುಚ್ಚಿಕೊಂಡರು. ಹೆಣಕ್ಕೆ ಮಾತ್ರ ಹಾಗೆ ಉಡಿಸುತ್ತಾರಂತೆ. ಬೇಜಾರು ಮಾಡಿಕೊಳ್ಳಬೇಡ, ಗೊತ್ತಿರಲಿ ಎಂದು ಹೇಳಿದೆ.

ಇನ್ನು ನೀನು ಕೇಳಿದ್ದು. ಮಾರ್ಚ್ ಮೂರಕ್ಕೆ ಅಲ್ಲಿನ ಜಪಾನೀಯರು ಹೆಣ್ಣುಮಕ್ಕಳ ಹಬ್ಬ ಮಾಡಿ ಮೆಟ್ಟಿಲ ಮೇಲೆ ರಾಜ ರಾಣಿಯರನ್ನು ಕೂರಿಸುತ್ತಾರೆ, ಥೇಟ್ ನಮ್ಮ ದಸರಾ ಗೊಂಬೆಯೇ, ಪಕ್ಕದಲ್ಲಿ ನನ್ನ ಪಟ್ಟದ ಗೊಂಬೆ ಇಡಲು ಒಪ್ಪಿದ್ದಾರೆ, ಅದು ಕಣ್ಣೆದುರಿದ್ದರೆ ನನಗೊಂದು ಮನೆಯಿದೆ ಅನ್ನಿಸುತ್ತದೆ ಎಂದು ಬರೆದಿದ್ದೀಯ. ನಿನ್ನಮ್ಮ ಮದುವೆಯಲ್ಲಿ ಕೊಟ್ಟ ಜೋಡಿ, ಇಲ್ಲವೆನ್ನಲು ನಾನ್ಯಾರು? ಅಂದು ನನ್ನ ಮಡಿಲಿಗಿಟ್ಟು "ಜೋಡೀನ ಯಾವತ್ತೂ ಅಗಲಿಸಬೇಡಿ ಬೀಗಿತ್ತಿ, ವರ್ಷಾ ವರ್ಷಾ ನನ್ನ ಮಗಳ ಕೈಲೇ ಕೂರಿಸಿ" ಎಂದು ಅತ್ತಿದ್ದರು. ಆ ವರ್ಷವೇ ಹೋಗಿಬಿಟ್ಟರು, ಪುಣ್ಯವಂತೆ. ಕಳೆದ ದಸರಾಕ್ಕೆ ನೀನಿರಲಿಲ್ಲ. ಒಬ್ಬಳೇ ಮೆಟ್ಟಿಲು ಜೋಡಿಸಿ ನಿನ್ನ ವಿಡಿಯೋ ಕಾಲ್‌ಗೆ ಕಾದೆ, ಬರಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ "ಸೊಸೆ ಎಲ್ಲಿ ಆಂಟಿ?" ಎಂದರು. ನಿನ್ನನ್ನು ಮಗಳೆಂದುಕೊಂಡಿದ್ದೆ ಕಣೇ.

ಈ ಪಾರ್ಸೆಲ್‌ನಲ್ಲಿ ರಾಣಿ ಇದ್ದಾಳೆ. ಹೊಸ ಜರಿ ಸೀರೆ ಉಡಿಸಿ ಹತ್ತಿಯಲ್ಲಿ ಸುತ್ತಿದ್ದೇನೆ. ರಾಜನಿಗಾಗಿ ಡಬ್ಬ ತಡಕಬೇಡ, ಹಾಕಿಲ್ಲ. ಆ ಜಪಾನೀಯರು ಕೇಳಿದರೆ ನಮ್ಮ ಕಡೆ ಹೀಗೂ ಉಂಟು ಎಂದುಬಿಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ನೀನಿರುವಲ್ಲೇ ಸುಖವಾಗಿಟ್ಟಿರಲಿ.

ನಿನ್ನ ಅತ್ತೆ,
ಶಾಮಲಾ

ಮರೆತಿದ್ದೆ. ವಿಭವ್ ಜೊತೆ ಕೂತು ಎಲ್ಲ ಸರಿಮಾಡಿಕೊಳ್ಳಲು ಏಪ್ರಿಲ್‌ನಲ್ಲಿ ಬರುತ್ತೇನೆಂದಿದ್ದೆಯಲ್ಲ, ಟಿಕೆಟ್ ಬುಕ್ ಮಾಡಬೇಡ. ಲಾಯರ್ ನಿನಗೆ ಬರೆಯುತ್ತಾರೆ. ಅವನ ಆಫೀಸಿನ ಗಾರ್ಗಿ ಸಂಕ್ರಾಂತಿಯಿಂದ ನಮ್ಮಲ್ಲೇ ಇದ್ದಾಳೆ. ರಾಜನ ಅಳತೆ ಕೊಟ್ಟು ಮೈಸೂರಿನಿಂದ ಇನ್ನೊಬ್ಬ ರಾಣಿಯನ್ನು ತರಿಸಿದೆ. ಪಕ್ಕದಲ್ಲಿಟ್ಟು ನೋಡಿದೆ, ನಿನ್ನದಕ್ಕಿಂತ ಚೆನ್ನಾಗಿ ಹೊಂದುತ್ತಾಳೆ.