ಒಂಬತ್ತನೇ ಕಲಮು

ಮಾರ್ಚ್ 4
ಮತ್ತೆ ಒಪ್ಪಂದದ ಒಂಬತ್ತನೇ ಕಲಮು. ಬೆಳಗಿನಿಂದ ಅದೊಂದೇ. ಔಷಧಿಗೆ ಕೊರತೆ ಬಂದಾಗ ಯಾವ ದೇಶವೂ ರಫ್ತು ನಿಲ್ಲಿಸಕೂಡದು — ಇದು ನಮ್ಮ ಡ್ರಾಫ್ಟ್. 'ತೀರಾ ಅಗತ್ಯವಿದ್ದರೆ ನಿಲ್ಲಿಸಬಹುದು' ಅಂತ ಸೇರಿಸಿ — ಇದು ಮಿತ್ರದೇಶದ್ದು. ತಯಾರಿಸುವವರು ಅವರು, ಕೊಳ್ಳುವವರು ನಾವು. ಕ್ಯಾಮರಾ ಮುಂದೆ ಕೈಕುಲುಕಿದ್ದಾಯಿತು. ಒಳಗೆ ಮುಖ ಕೊಟ್ಟು ಮಾತಿಲ್ಲ.

ಅವರ ಕಡೆ ಡ್ರಾಫ್ಟ್ ಬರೆಯುವವನು ಅಲ್ಪವಿರಾಮ. ಎಲ್ಲೆಂದರಲ್ಲಿ ಕಾಮಾ ಹಾಕಿಸುತ್ತಾನೆಂದು ನಾನೇ ಇಟ್ಟ ಹೆಸರು. ನಮ್ಮೂರಲ್ಲೇ ಓದಿ ಕನ್ನಡ ಕಲಿತ ಹಳೆಯ ಗೆಳೆಯ. ಮನೆಗೆ ಬಂದು ಅಮ್ಮನ ಕೈಯೂಟ ಉಂಡವನು.

ಮಾರ್ಚ್ 5
ಅವರು ರಫ್ತು ನಿಲ್ಲಿಸಿದ ವರ್ಷವೇ ಚಿಕ್ಕಪ್ಪ ಹೋದದ್ದು. ಡಯಾಲಿಸಿಸ್‌ಗೆ ಬೇಕಾದ ಔಷಧಿ ಆಸ್ಪತ್ರೆಯಲ್ಲಿರಲಿಲ್ಲ. ಸಭೆಯಲ್ಲಿ ಅದನ್ನೆಲ್ಲ ಹೇಳುವಂತಿಲ್ಲ. ಹೇಳಬೇಕೆಂದೂ ಅನ್ನಿಸಲಿಲ್ಲ... ಏನೂ ಅನ್ನಿಸಲಿಲ್ಲ.

ಕಾಫಿ ಮೆಷಿನ್ ಹತ್ತಿರ ಅಲ್ಪವಿರಾಮ ಸಿಕ್ಕ. ದನಿ ಇಳಿಸಿದ.
"ನಿಂಗೊಬ್ಬಳಿಗೇ ಹೇಳ್ತಿದೀನಿ. ಹಠ ಬಿಡಬೇಡಿ. ನಮ್ಮೋರು ಕೊನೇ ದಿನ ಒಪ್ಕೋತಾರೆ."
"ನಂಗ್ಯಾಕೆ ಹೇಳ್ತಿದೀಯ?"
"ನಿಮ್ಮ ಚಿಕ್ಕಪ್ಪನ್ನ ನಾನೂ ನೋಡಿದ್ದೆ ಕಣೇ."

ಮಾರ್ಚ್ 6, ಮಧ್ಯಾಹ್ನ
ಬಾಸ್ ಕೈಚೆಲ್ಲಿ ಕೂತಿದ್ದರು. ಬಿಟ್ಟುಕೊಡೋಣ ಅಂದರು.
"ಬೇಡ ಸಾರ್. ಅವರು ಬಗ್ತಾರೆ."
"ಯಾರಮ್ಮ ಹೇಳಿದ್ದು? ಗಾಳಿಮಾತು ನಂಬ್ಕೊಂಡು ಕೂತ್ಕೊಳ್ಳೋಕಾಗತ್ತಾ?"
ಹೇಳಿದೆ. ಹೆಸರು ಮಾತ್ರ ಹೊರಗೆ ಬರಬಾರದು ಅಂದೆ.
"ಛೆ, ಅಷ್ಟೂ ಗೊತ್ತಾಗಲ್ವಾ ನಂಗೆ."

ಮಾರ್ಚ್ 7
ಅವರ ಮಿನಿಸ್ಟರ್ ಮೇಜು ಕುಟ್ಟಿ ಮಾತಾಡಿದರು. ಬಾಸ್‌ಗೆ ರೇಗಿತು.
"ಸಾಕು ಬಿಡಿ ಸ್ವಾಮಿ. ಕೊನೇ ದಿನ ಒಪ್ಕೋತೀರಂತ ನಿಮ್ಮ ಡ್ರಾಫ್ಟ್ ಬರೆಯೋನೇ ಹೇಳಿದಾನೆ."
ಇಂಟರ್‌ಪ್ರಿಟರ್ ತಡವರಿಸಿದಳು. ಆಮೇಲೆ ಅದನ್ನೂ ಅನುವಾದಿಸಿದಳು. ಎಲ್ಲರೂ ಅಲ್ಪವಿರಾಮನ ಕಡೆ ತಿರುಗಿದರು. ಅವನು ನನ್ನತ್ತ ನೋಡಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಿದ. ಎದ್ದು ಹೋದ.
ನಾನು ಮಿನಿಟ್ಸ್ ಬರೆಯುತ್ತಲೇ ಇದ್ದೆ. ಕೈ ನಿಲ್ಲಲಿಲ್ಲ.

ಮಾರ್ಚ್ 9
ಒಂಬತ್ತನೇ ಕಲಮು ಪಾಸಾಯಿತು. ನಾವು ಬರೆದ ಹಾಗೆಯೇ. ಚಪ್ಪಾಳೆ. ನಾನೂ ತಟ್ಟಿದೆ. ಇನ್ನು ಯಾರ ಚಿಕ್ಕಪ್ಪನಿಗೂ ಹಾಗಾಗುವುದಿಲ್ಲ... ಬಹುಶಃ. ಅವನ ಕುರ್ಚಿಯಲ್ಲಿ ಬೇರೆ ಯಾರೋ. ವಾಪಸ್ ಕರೆಸಿಕೊಂಡರಂತೆ.
"ಬಾಯಿ ಜಾರ್ತಮ್ಮ," ಅಂದರು ಬಾಸ್. ಕೇಕಿನ ತಟ್ಟೆ ಚಾಚಿದರು. ತಿಂದೆ. ರುಚಿ ಗೊತ್ತಾಗಲಿಲ್ಲ.

ಮಾರ್ಚ್ 31, ಬೆಳಿಗ್ಗೆ
ಅಲ್ಪವಿರಾಮನ ಹೆಂಡತಿಯ ಫೋನ್. ಅವನನ್ನು ಕೆಲಸದಿಂದ ತೆಗೆದರಂತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತು, ಅಷ್ಟೆ.
"ಯಾರ ಹತ್ರ ಬಾಯ್ಬಿಟ್ರೀಂತ ಕೇಳಿದ್ರೆ ಹೇಳ್ತಾನೇ ಇಲ್ಲ ಅಕ್ಕಾ. ವಿಚಾರಣೇಲೂ ಹೇಳಲಿಲ್ವಂತೆ. ನಿಮಗೇನಾದ್ರೂ ಗೊತ್ತಾ?"
ಗೊತ್ತು ಅಂದೆ. ಆಮೇಲೆ, ನನ್ನ ಹತ್ತಿರವೇ ಅಂತ ಹೇಳಿದೆ.