ಗಾಜಿನ ನಿಜವಾದ ಬಿಸಿ

ಬೈರಿದೇವರಕೊಪ್ಪ, ಹುಬ್ಬಳ್ಳಿ
೧೦ ಜುಲೈ ೨೦೨೪

ಪ್ರೀತಿಯ ಲೋಹಿತ ಅವರಿಗೆ,

ಪುಣೆಯ ಮಳೆಗೆ ನಿಮ್ಮ ಕೆಮ್ಮು ಹೆಚ್ಚಾಗಿಲ್ಲ ತಾನೆ? ಸ್ವೆಟರು ಇಲ್ಲೇ ಬಿಟ್ಟು ಹೋಗಿದ್ದೀರಿ. ನಾವೆಲ್ಲ ಆರಾಮ. ನಿಮ್ಮ ತಂಗಿ ಸ್ನೇಹಲ್ ಕಾಲೇಜಿಗೆ ಹೋಗುತ್ತಿದ್ದಾಳೆ. ಅತ್ತೆಯವರ ಮಂಡಿನೋವು ಕಡಿಮೆಯಾಗಿದೆ.

ಹೋದ ವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಉತ್ತರ ಕೊಡದೆ ಕುಕ್ಕರಿನ ನೆಪ ಹೇಳಿ ಇಟ್ಟುಬಿಟ್ಟೆ. ನಿಮ್ಮ ದನಿ ಕೇಳಿದರೆ ನಾನು ಮೆತ್ತಗಾಗುತ್ತೇನೆ. ಅದಕ್ಕೇ ಅಂಚೆಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಲೇಖನದಲ್ಲಿರುವ ಹಾಗೆ ನಾನೂರು ಡಿಗ್ರಿಯಲ್ಲೇ ಜಿಂಕ್ ಆಕ್ಸೈಡಿನ ತೆಳುಪದರ ಮಾಡಿದರೂ ಅದು ಅಮೋನಿಯಾ ಅನಿಲವನ್ನು ಗುರುತಿಸುತ್ತಿಲ್ಲ, ಗಾಜಿನಿಂದ ಪುಡಿಯಾಗಿ ಉದುರುತ್ತಿದೆ ಎಂದಿರಿ. ನಿಮ್ಮ ಸಂಸ್ಥೆಯ ಪರಿಶೀಲನಾ ಸಮಿತಿಯ ಮುಂದೆ ತೋರಿಸುವ ದಿನ ಹತ್ತಿರ ಬಂತೆಂದು ಗಾಬರಿಯಾಗಿದ್ದಿರಿ. "ಧಾರವಾಡದಾಗ ಛಲೋ ಬರ್ತಿತ್ತಲ್ಲ, ಇಲ್ಯಾಕ ಕೈಕೊಡಾಕತ್ತೈತಿ?" ಎಂದು ಕೇಳಿದಿರಿ. ಬರುತ್ತಿತ್ತು. ಅಲ್ಲಿ ಅದನ್ನು ಮಾಡುತ್ತಿದ್ದವಳು ನಾನು.

ಧಾರವಾಡದ ನಮ್ಮ ಲ್ಯಾಬಿನ ಹೀಟರಿನ ಮೀಟರು ಕೆಳಗಿನ ಕಬ್ಬಿಣದ ತಟ್ಟೆಯ ಬಿಸಿಯನ್ನಷ್ಟೇ ತೋರಿಸುತ್ತದೆ. ಪದರಕ್ಕಾಗಿ ಸಿಂಪಡಿಸುವ ದ್ರಾವಣದ ತುಂತುರು ಬೀಳುವಾಗ ಮೇಲಿನ ಗಾಜು ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಆದರೂ ಮೀಟರು ಹೇಳಿದ್ದನ್ನೇ ಬರೆದುಕೊಳ್ಳುವುದು ಎಲ್ಲರ ರೂಢಿ. ಪುಣೆಯ ಯಂತ್ರ ಗಾಜನ್ನೇ ಅಳೆಯುತ್ತದೆ. ಅಲ್ಲಿ ನಾನೂರು ಎಂದರೆ ನಾನೂರೇ. ಅಷ್ಟು ಬಿಸಿಗೆ ತುಂತುರು ಗಾಜು ಮುಟ್ಟುವ ಮೊದಲೇ ಒಣಗಿ ಪುಡಿಯಾಗುತ್ತದೆ. ನಾನೊಬ್ಬಳು ಗಾಜಿಗೇ ಸಣ್ಣ ತಂತಿ ಅಂಟಿಸಿ ಬಿಸಿ ನೋಡುತ್ತಿದ್ದಾಗ ನೀವು ಬಾಗಿಲಲ್ಲಿ ನಿಂತು, "ಏನ್ರಿ ಡಾಕ್ಟರ್ ಬಾಯಾರ, ಗಾಜಿಗೆ ಜ್ವರ ಬಂದೈತೇನು?" ಎಂದು ಎಲ್ಲರನ್ನೂ ನಗಿಸಿದಿರಿ. ನಾನೂ ನಕ್ಕೆ. ಆಮೇಲೆ ನನ್ನ ಪದರಗಳ ಫಲಿತಾಂಶ ನಿಮ್ಮ ಹೆಸರಿನಲ್ಲಿ ಮಾತ್ರ ಅಚ್ಚಾಯಿತು. ಪುಣೆಯ ಹುದ್ದೆಯೂ ಅದರಿಂದಲೇ ಬಂತು. ಕೇಳಿದರೆ, "ಗಂಡ ಹೆಂಡ್ತ್ಯಾಗ ನಂದು ನಿಂದು ಅಂತ ಏನೈತಿ?" ಎಂದಿರಿ. ಬೆಳ್ಳುಳ್ಳಿ ಸುಲಿಯುತ್ತಿದ್ದ ನಿಮ್ಮವ್ವ ತಲೆ ಎತ್ತದೆ, "ಹಂಗಿದ್ರ ಆಕಿ ಹೆಸರ ಹಾಕಿ ನಿಂದು ಬಿಡಬೇಕಿತ್ತಲೋ" ಎಂದರು.

ನಾನು ಬಯಸುತ್ತಿರುವುದು ನ್ಯಾಯವೋ ಸೇಡೋ ಎಂದು ವಾರವೆಲ್ಲ ಯೋಚಿಸಿದೆ. ನ್ಯಾಯವಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳಿಬಿಡುತ್ತಿದ್ದೆನೇನೋ. ನಿಮ್ಮ ಪದರ ಉದುರುತ್ತಿದೆ ಎಂದು ಕೇಳಿದಾಗ ನನಗೆ ಸುಖವಾಯಿತು. ಅಂಥ ಸುಖ ನನ್ನೊಳಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಸ್ನೇಹಲ್ ನಮಸ್ಕಾರ ಹೇಳಿದ್ದಾಳೆ.

ನಿಮ್ಮ
ಸುಜಾತಾ

ಇದೊಂದು ಉಳಿಯಿತು: ನಮ್ಮ ಮೀಟರು ನಾನೂರು ತೋರಿಸುವಾಗ ಗಾಜಿನ ನಿಜವಾದ ಬಿಸಿ ಮುನ್ನೂರ ನಲವತ್ತು. ಅದನ್ನು ತೋರಿಸುವ ಲೇಖನ ನನ್ನೊಬ್ಬಳ ಹೆಸರಿನಲ್ಲಿ ಸೋಮವಾರ ಪ್ರಕಟವಾಯಿತು. ನಿಮ್ಮ ಸಮಿತಿಯ ಅಧ್ಯಕ್ಷರಿಗೆ ಅಂದೇ ಇಮೇಲ್ ಮಾಡಿದೆ. ಈ ಪತ್ರ ನಿಮ್ಮ ಕೈಸೇರುವಷ್ಟರಲ್ಲಿ ಅವರು ಓದಿರುತ್ತಾರೆ. ಮುನ್ನೂರ ನಲವತ್ತರಲ್ಲಿ ಮಾಡಿ, ಪದರ ಗಟ್ಟಿಯಾಗಿ ಕೂರುತ್ತದೆ. ಇದನ್ನು ಕಂಡುಹಿಡಿದವರು ಯಾರೆಂದು ಅವರು ಎಲ್ಲರೆದುರು ಕೇಳಿದಾಗ, ನಿಮ್ಮ ಬಾಯಿಂದಲೇ ಹೇಳಿ.